ಬೀಳಗಿಯ ಗೋಹರಬಾಯಿ ಮತ್ತು ಗುಸುಗುಸು ಬರೆದ ಚರಿತ್ರೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುವ ಹುಡುಗ ಹುಡುಗಿಯರಿಗೆ ಬೀಳಗಿ ದೂರದ ಊರಲ್ಲ. ಕಳೆದ ಶತಮಾನದ ಮೊದಲಲ್ಲಿ ಅದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಅಲ್ಲಿಯ ಕಲಾವಿದರ ಮನೆತನವೊಂದರ ಅಕ್ಕತಂಗಿಯರು ಗೋಹರಬಾಯಿ, ಅಮೀರಬಾಯಿ. ನಾಟಕ, ಗ್ರಾಮಾಫೋನು, ಸಿನಿಮಾ ಅಂತ ಮುಂಬಯಿಗೆ ಹೋದ ಇಬ್ಬರ ಹೆಸರಿಗೂ 'ಕರ್ನಾಟಕಿ' ಅಂಟಿಕೊಂಡಿತು.

ಅವರು ಹೋದ ಮುಂಬಯಿಯಲ್ಲಿ ಇನ್ನೊಂದು ಕಸುಬೂ ಬೆಳೆಯುತ್ತಿತ್ತು: ತಾರೆಯರ ಗುಸುಗುಸು ಬರೆಯುವುದು. 1935ರಲ್ಲಿ ಬಾಬೂರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆ ಶುರುವಾಯಿತು. ತಾರೆಯರ ಸಂಬಳ, ಸಂಬಂಧ, ಸಿಟ್ಟು ಎಲ್ಲವೂ ಅಚ್ಚಿಗೆ ಬಂದವು. ಈ ಕಸುಬು ಎಷ್ಟು ಅಪಾಯದ್ದು ಎಂದು ಮದ್ರಾಸು 1944ರಲ್ಲಿ ಕಂಡಿತು: ತಾರೆಯರ ಗುಟ್ಟು ಬರೆಯುತ್ತಿದ್ದ ಪತ್ರಕರ್ತ ಲಕ್ಷ್ಮೀಕಾಂತನ್ ಇರಿತಕ್ಕೆ ಬಲಿಯಾದ, ನಟರಾದ ತ್ಯಾಗರಾಜ ಭಾಗವತರ್, ಎನ್.ಎಸ್. ಕೃಷ್ಣನ್ ಜೈಲು ಸೇರಿ, 1947ರಲ್ಲಿ ಬಿಡುಗಡೆಯಾದರು.

ಗೋಹರಬಾಯಿಯ ಮೇಲೆ ಬಿದ್ದ ಮಾತಿನ ಹೊರೆ ಬೇರೆ ಬಗೆಯದು. ಆಕೆ ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರ ಹಾಡುಗಳನ್ನು ಅವರದೇ ಧಾಟಿಯಲ್ಲಿ ಹಾಡುತ್ತಿದ್ದಳು. ಮೂವತ್ತರ ದಶಕದ ಕೊನೆಗೆ ಅವರ ಕಂಪನಿ ಸೇರಿ ಅವರೊಂದಿಗೆ ರಂಗಕ್ಕೆ ಬಂದಳು, ಮುಂದೆ ಬಾಳಸಂಗಾತಿಯೂ ಆದಳು. ಮಹಾರಾಷ್ಟ್ರದ ಆರಾಧ್ಯ ನಟನ ಮನೆಗೆ ಕನ್ನಡ ಸೀಮೆಯ ಮುಸ್ಲಿಂ ಗಾಯಕಿ! ಮೋಡಿ ಹಾಕಿದಳು, ಕಂಪನಿ ಮುಳುಗಿಸಿದಳು ಎಂಬ ಮಾತು ನಾಟಕದ ಬಿಡಾರಗಳಿಂದ ಹೊರಟು ಬರಹಗಳಿಗೂ ಇಳಿಯಿತು.

ಇಸವಿಗಳನ್ನು ಎದುರಿಗಿಟ್ಟುಕೊಂಡು ನೋಡಬೇಕು. ಬಾಲಗಂಧರ್ವರ ಕಂಪನಿ, ಗಂಧರ್ವ ನಾಟಕ ಮಂಡಳಿ, ಹುಟ್ಟಿದ್ದು 1913ರಲ್ಲಿ. ದುಬಾರಿ ಸೀರೆ, ಅತ್ತರು, ವೈಭವದ ರಂಗಸಜ್ಜಿಕೆಗಳಿಗೆ ಹಣ ಸುರಿದು ಕಂಪನಿ ಸಾಲದಲ್ಲಿ ಸಿಕ್ಕಿಕೊಂಡದ್ದು ಇಪ್ಪತ್ತರ ದಶಕದಲ್ಲೇ. ಟಾಕಿ ಬಂದಮೇಲೆ ನಾಟಕದ ಗಲ್ಲಾಪೆಟ್ಟಿಗೆ ಬರಿದಾಯಿತು. 1935ರಲ್ಲಿ ಬಾಲಗಂಧರ್ವರು ತಾವೇ ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ' ಸಿನಿಮಾದಲ್ಲಿ ನಟಿಸಿದರು. ಇಷ್ಟೆಲ್ಲ ಆದಮೇಲೆ ಬಂದವಳ ತಲೆಗೆ ಮುಳುಗಿದ ಹಡಗನ್ನು ಕಟ್ಟಿದ್ದು ಅನ್ಯಾಯ. ಕಾಲಿನ ಬಲ ಕಳೆದುಕೊಂಡ ಬಾಲಗಂಧರ್ವರನ್ನು ಇಳಿವಯಸ್ಸಿನಲ್ಲಿ ನೋಡಿಕೊಂಡವಳೂ ಇದೇ ಗೋಹರಬಾಯಿ. ಆಕೆ 1964ರಲ್ಲಿ ತೀರಿಕೊಂಡಳು, ಅವರು 1967ರಲ್ಲಿ.

ಹೆಸರೂ ಆಕೆಗೆ ಪೂರ್ತಿ ದಕ್ಕಲಿಲ್ಲ. 1902ರಲ್ಲೇ ಹಾಡು ಧ್ವನಿಮುದ್ರಿಸಿ, ಮುಂದೆ ಮೈಸೂರಿನಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಒಬ್ಬಳು. ರಂಜಿತ್ ಸ್ಟುಡಿಯೋದ ನಟಿ ಮಿಸ್ ಗೋಹರ್ ಮತ್ತೊಬ್ಬಳು. ಬೀಳಗಿಯವಳು ಅವರಿಬ್ಬರ ನಡುವೆ ಕಳೆದುಹೋಗುತ್ತಾಳೆ.

ತಂಗಿ ಅಮೀರಬಾಯಿಯ ಪಾಲಿಗೆ ಯಶಸ್ಸು ದೊಡ್ಡದಾಗಿ ಬಂತು. 1943ರ 'ಕಿಸ್ಮತ್' ಸಿನಿಮಾಕ್ಕೆ ಆಕೆ ಹಾಡಿದ ಹಾಡುಗಳು ದೇಶವನ್ನೇ ಆವರಿಸಿದವು. ವಿಜಾಪುರದಲ್ಲಿ ಅಮೀರ್ ಟಾಕೀಸ್ ಎದ್ದಿತು. ಖಳನಟ ಹಿಮಾಲಯವಾಲಾನೊಂದಿಗಿನ ಮೊದಲ ಮದುವೆ ಮಾತ್ರ ಹಿಂಸೆಯಲ್ಲಿ ಮುರಿಯಿತು.

1971ರಲ್ಲಿ 'ಸ್ಟಾರ್‌ಡಸ್ಟ್' ಪತ್ರಿಕೆ ಬಂದಮೇಲೆ ತಾರೆಯರ ಖಾಸಗಿ ಬದುಕು ತಿಂಗಳು ತಿಂಗಳೂ ಮಾರಾಟದ ಸರಕಾಯಿತು. ಕನ್ನಡದಲ್ಲಿ 'ವಿಜಯಚಿತ್ರ', 'ರೂಪತಾರಾ' ಓದಿ ಬೆಳೆದ ತಲೆಮಾರಿಗೆ ಸಿನಿಸುದ್ದಿಯ ರುಚಿ ಗೊತ್ತು. ಆದರೆ ಈ ಅಕ್ಕತಂಗಿಯರ ಬಗ್ಗೆ ಕನ್ನಡದಲ್ಲಿ ಶ್ರಮಪಟ್ಟು ಹುಡುಕಿ ಬರೆದವರು ವಿಮರ್ಶಕ ರಹಮತ್ ತರೀಕೆರೆ. ಊರೂರು ಅಲೆದು ಅಮೀರಬಾಯಿಯ ಜೀವನಚರಿತ್ರೆ ಕಟ್ಟಿಕೊಟ್ಟರು.

ಆ ಕೆಲಸ ಮುಂದುವರಿಯಬೇಕಾದದ್ದು ಇಲ್ಲಿಯೇ. ವಿದ್ಯಾಗಿರಿಯ ಕಾಲೇಜುಗಳು ಗೋಹರಬಾಯಿಯ ಹಳೆಯ ಗ್ರಾಮಾಫೋನು ತಟ್ಟೆಗಳನ್ನು ಹುಡುಕಿ ಸಂಗ್ರಹಿಸಲಿ, ಬೀಳಗಿಯ ಹಿರಿಯರ ನೆನಪುಗಳನ್ನು ಬರೆದಿಟ್ಟುಕೊಳ್ಳಲಿ. ಆಕೆಯ ಬಗ್ಗೆ ತೀರ್ಪು ಕೊಡುವ ಮೊದಲು ಆಕೆಯ ದನಿಯನ್ನೊಮ್ಮೆ ಕೇಳಿ.