ಐದು ಕೀಲಿಗಳ ಕನ್ನಡ

ಶಿವಮೊಗ್ಗದ ಕೋರ್ಟು, ತಾಲ್ಲೂಕು ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗೆ ಹೋಗಿ, ಅರ್ಜಿಯನ್ನೋ ಕರಾರುಪತ್ರವನ್ನೋ ಟೈಪ್ ಮಾಡುವವರ ಕೈ ನೋಡಬೇಕು. 'ನುಡಿ' ತಂತ್ರಾಂಶದ ಕೀಲಿಮಣೆಗೆ ಒಗ್ಗಿದವರಾದರೆ 'ಕನ್ನಡ' ಎಂದು ಮೂಡಿಸಲು ಐದೇ ಕೀಲಿ ಒತ್ತುತ್ತಾರೆ: ಕೆ, ಎನ್, ಎಫ್, ಎನ್, ಡಬ್ಲ್ಯು. ನಡುವಿನ ಎಫ್ ಒತ್ತಕ್ಷರಕ್ಕೆ ಕೊಂಡಿ. ಡಾಸ್ ಹೋಗಿ ವಿಂಡೋಸ್ ಬಂತು, ಫಾಂಟುಗಳು ಬದಲಾದವು, ಅಕ್ಷರವನ್ನು ಕಂಪ್ಯೂಟರು ಉಳಿಸಿಕೊಳ್ಳುವ ರೀತಿಯೇ ಬೇರೆಯಾಯಿತು. ಈ ಐದು ಒತ್ತುಗಳು ಮಾತ್ರ ಹಾಗೇ ಇವೆ.

ಮೊದಲು ಹೀಗಿರಲಿಲ್ಲ. ರಾಜ್ಯದ 1963ರ ರಾಜಭಾಷಾ ಅಧಿನಿಯಮದ ನಂತರ ಕಚೇರಿಗಳಲ್ಲಿ ಕನ್ನಡ ಬೆರಳಚ್ಚುಗಾರರು ಬೇಕಾದರು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದರೆ ಕೆಲಸ ಸಿಕ್ಕೀತು ಎಂದು ಹುಡುಗ ಹುಡುಗಿಯರು ಟೈಪಿಂಗ್ ಶಾಲೆಗಳಿಗೆ ಸೇರಿದರು. ಕನ್ನಡದ ನೂರಾರು ಗುಣಿತಾಕ್ಷರ, ಒತ್ತಕ್ಷರಗಳನ್ನು ಇಂಗ್ಲಿಷಿನ ಟೈಪ್‌ರೈಟರಿಗೆ ಹಿಡಿಸಲು ಅಕ್ಷರಗಳನ್ನು ಒಡೆಯಬೇಕಾಗಿತ್ತು. ಅಕ್ಷರದ ಮೈ ಒಂದು ಕೀಲಿಯಲ್ಲಿ, ಗುಣಿತದ ಚಿಹ್ನೆ ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ.

ಈ ತುಂಡುಗಳ ಲೆಕ್ಕವನ್ನು ಬಿಟ್ಟು ಉಚ್ಚಾರಣೆಯ ದಾರಿ ಹಿಡಿದವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಐರಾವತಂ ಮಹದೇವನ್ ಅವರ ಸಿಂಧೂ ಲಿಪಿ ಅಧ್ಯಯನಕ್ಕೆ ಗಣಕದ ನೆರವು ಒದಗಿಸಿದವರು, ಆಮೇಲೆ ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದವರು. ಡಾಸ್ ಕಾಲಕ್ಕೆ 'ಸೇಡಿಯಾಪು' ತಂತ್ರಾಂಶ ಬರೆದು ಅದನ್ನು ಪುಕ್ಕಟೆಯಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ನುಡಿಯ ಕೀಲಿಮಣೆಗೆ ತಳಹದಿ ರಾಯರ ವಿನ್ಯಾಸವೇ.

ಕೀಲಿಮಣೆ ಬದಲಾದರೂ ಕಡತದೊಳಗೆ ಟೈಪ್‌ರೈಟರಿನ ಬುದ್ಧಿ ಉಳಿದಿತ್ತು. ಹಳೆಯ ನುಡಿ ಕಡತವನ್ನು ಅದರ ಫಾಂಟ್ ಇಲ್ಲದೆ ತೆರೆದರೆ 'ಕನ್ನಡ' ಇರುವ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಜರ್ಮನ್ ಅಕ್ಷರ ಎಲ್ಲ ಕಾಣಿಸುತ್ತವೆ. ಪಿ ಎಂದರೆ 'ಕ'ದ ಮೈ, ಗೆರೆ ಹೊತ್ತ ಎ ಎಂದರೆ ತಲೆಕಟ್ಟು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ತುಂಡುಗಳು. ಹುಡುಕಲು ಆಗದು, ಅಕಾರಾದಿಯಲ್ಲಿ ಜೋಡಿಸಲೂ ಆಗದು.

ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯುನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿತು. ಆದರೂ ಡಿಟಿಪಿಯವರು ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಅವರದು ಹಟವಲ್ಲ. ಪುಟ ಕಟ್ಟುವ ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಅರ್ಥವಾಗುತ್ತಿರಲಿಲ್ಲ. ಲಗ್ನಪತ್ರಿಕೆಗೆ ಬೇಕಾದ ಚೆಂದದ ಅಕ್ಷರಗಳೂ ಯುನಿಕೋಡಿನಲ್ಲಿ ಕಡಿಮೆಯಿದ್ದವು.

ಈ ಗಂಟು ಬಿಡಿಸುವ ಹೊಣೆ ಹೊತ್ತ ಸರ್ಕಾರಿ ಸಮಿತಿಗೆ ಅಧ್ಯಕ್ಷರಾದವರು ಡಾ. ಕೆ. ಚಿದಾನಂದ ಗೌಡ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಕುವೆಂಪು ಅವರ ಅಳಿಯ. ಆಡಳಿತಗಾರರಾಗುವ ಎಷ್ಟೋ ಮೊದಲೇ, 1978ರಲ್ಲಿ, ಜಿ. ಕೃಷ್ಣ ಅವರ ಜೊತೆ ದತ್ತಾಂಶವನ್ನು ಗುಂಪುಗೂಡಿಸುವ ಹೊಸ ವಿಧಾನವೊಂದನ್ನು ಪ್ರಕಟಿಸಿದ್ದ ಗಣಕ ವಿಜ್ಞಾನಿ. ಯುನಿಕೋಡ್ ಫಾಂಟುಗಳು, ಹಳೆಯ ಕಡತಗಳ ಪರಿವರ್ತಕ ಈ ಸಮಿತಿಯ ಕೆಲಸದ ಭಾಗವಾಗಿದ್ದವು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಕೂಡ ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು ಕನ್ನಡ ತಂತ್ರಾಂಶ' ತಂದದ್ದರ ಹಿಂದೆ ಅವರ ಒತ್ತಾಸೆಯಿತ್ತು.

ಒಳಗಿನ ಸಂಕೇತ ಬದಲಾದರೂ ಪ್ರೋಗ್ರಾಮರುಗಳು ಕೀಲಿಮಣೆಯನ್ನು ಮುಟ್ಟಲಿಲ್ಲ. ನುಡಿ ಕಲಿತವರು ಯುನಿಕೋಡಿಗೆ ಬರಲು ಮತ್ತೆ ಟೈಪಿಂಗ್ ಕಲಿಯಬೇಕಾಗಲಿಲ್ಲ. ಬದಲಾವಣೆ ಜನರ ಕೈಗೆ ಒಗ್ಗಿದ್ದು ಇದರಿಂದಲೇ.

ಬಾಕಿ ಇರುವುದು ಹಳೆಯ ಸರಕು. ಶಿವಮೊಗ್ಗ, ಭದ್ರಾವತಿಗಳ ಮುದ್ರಣಾಲಯ, ಸಂಘ, ಕಾಲೇಜುಗಳ ಸ್ಮರಣಸಂಚಿಕೆ, ಪುಸ್ತಕಗಳ ಕಡತಗಳು ಸಿಡಿಗಳಲ್ಲಿ, ಕೆಟ್ಟುನಿಂತ ಕಂಪ್ಯೂಟರುಗಳಲ್ಲಿ ಹಳೆಯ ಸಂಕೇತದಲ್ಲೇ ಉಳಿದಿದ್ದರೆ ಈಗಲೇ ಹೊರತೆಗೆದು ಪರಿವರ್ತಿಸಿಡಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾರೆ ನೋಡಿ ತಿದ್ದಿಕೊಳ್ಳಿ.