ಟೊರಾಂಟೊದಲ್ಲಿ ನಿಂತ ರುಸ್ಲಾನ್

2022ರ ಫೆಬ್ರವರಿ 27ರಂದು ಕೆನಡಾದ ಟೊರಾಂಟೊ ನಗರದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ರಷ್ಯದ ಒಂದು ಸರಕು ವಿಮಾನ ಇಳಿಯಿತು. ಚೀನಾದಿಂದ ಹೊರಟು ಅಲಾಸ್ಕಾದ ಆಂಕರೇಜ್ ಮಾರ್ಗವಾಗಿ ಬಂದ ಅದರ ಹೊಟ್ಟೆಯಲ್ಲಿದ್ದದ್ದು ಕೋವಿಡ್ ಪರೀಕ್ಷೆಯ ಕಿಟ್‌ಗಳು. ಸರಕು ಇಳಿಸಿ ಅದು ಹೊರಡಬೇಕಿತ್ತು. ಅದೇ ದಿನ ಕೆನಡಾ ಸರ್ಕಾರ, ಉಕ್ರೇನಿನ ಮೇಲೆ ರಷ್ಯ ನಡೆಸಿದ ಆಕ್ರಮಣಕ್ಕೆ ಪ್ರತಿಯಾಗಿ, ತನ್ನ ವಾಯುಪ್ರದೇಶವನ್ನು ರಷ್ಯದ ವಿಮಾನಗಳಿಗೆ ಮುಚ್ಚಿತು. ನೆಲದ ಮೇಲಿರುವ ವಿಮಾನಕ್ಕೆ ವಾಯುಪ್ರದೇಶದ ನಿಷೇಧ ಹೇಗೆ ತಾಗುತ್ತದೆ ಎಂದು ನೀವು ಕೇಳಬಹುದು. ಹೊರಡಬೇಕಾದರೆ ಮೇಲೇಳಬೇಕು, ಮೇಲೆದ್ದ ಮರುಕ್ಷಣವೇ ಅದು ಕೆನಡಾದ ಆಕಾಶದಲ್ಲಿರುತ್ತದೆ. 1944ರ ಷಿಕಾಗೊ ಒಪ್ಪಂದದ ಮೊದಲನೆಯ ವಿಧಿಯ ಪ್ರಕಾರ ತನ್ನ ನೆಲದ ಮೇಲಣ ಆಕಾಶಕ್ಕೆ ಆಯಾ ದೇಶವೇ ಸಂಪೂರ್ಣ ಒಡೆಯ. ಹೀಗೆ ವಿಮಾನ ನಿಂತಲ್ಲೇ ನಿಂತಿತು.

ಅದು ಅಂತಿಂಥ ವಿಮಾನವಲ್ಲ. ಆಂಟೊನೊವ್-124, ಅಡ್ಡಹೆಸರು ರುಸ್ಲಾನ್. ಪುಷ್ಕಿನ್ ಕವಿಯ ಕಥನಕಾವ್ಯದ ವೀರನ ಹೆಸರು ಇದು. ರೆಕ್ಕೆಯ ತುದಿಯಿಂದ ತುದಿಗೆ 73 ಮೀಟರಿಗೂ ಹೆಚ್ಚು, ಉದ್ದ ಸುಮಾರು 69 ಮೀ., ಎತ್ತರ ಸುಮಾರು 21 ಮೀ. ಎಂದರೆ ಬಾಲದ ತುದಿ ಏಳು ಮಹಡಿಯ ಕಟ್ಟಡದಷ್ಟು ಮೇಲಿದೆ. ಇಂಥದ್ದನ್ನು ಮರೆಮಾಡಿ ನಿಲ್ಲಿಸುವ ಜಾಗ ಯಾವ ನಿಲ್ದಾಣದಲ್ಲೂ ಇರುವುದಿಲ್ಲ.

ದೊಡ್ಡದು ಮಾಡುವುದು ಸುಲಭವಲ್ಲ

ಅಮೆರಿಕದ ಸಿ-5 ಗ್ಯಾಲಕ್ಸಿ 1968ರಲ್ಲಿ ಹಾರಿತು. ಆ ಹೊತ್ತಿಗೆ ಸೋವಿಯೆತ್ ಒಕ್ಕೂಟದ ಬಳಿ ಇದ್ದದ್ದು ಪ್ರೊಪೆಲರಿನ ಆಂಟೊನೊವ್-22. ಅದನ್ನೇ ಎರಡು ಪಟ್ಟು ಹಿಗ್ಗಿಸಿದರೆ ಸಾಲದೆ? ಸಾಲದು. ಎಲ್ಲ ಅಳತೆಗಳನ್ನೂ ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ರೆಕ್ಕೆಯ ಪ್ರತಿ ಚದರ ಮೀಟರು ಹೊರಬೇಕಾದ ಭಾರ ಇಮ್ಮಡಿಸುತ್ತದೆ. ಗೆಲಿಲಿಯೊ ಪ್ರಾಣಿಗಳ ಮೂಳೆಯ ಬಗ್ಗೆ ಹೇಳಿದ ಮಾತೇ ಇದು. ರುಸ್ಲಾನಿನ ರೆಕ್ಕೆಯ ವಿಸ್ತೀರ್ಣ 628 ಚದರ ಮೀಟರು. 392 ಟನ್ನಿನ ಗರಿಷ್ಠ ತೂಕದಲ್ಲಿ ಮೇಲೆದ್ದರೆ ಪ್ರತಿ ಚದರ ಮೀಟರಿನ ಪಾಲಿಗೆ ಸುಮಾರು 620 ಕಿಗ್ರಾಂ.

ನಿಜವಾದ ತೊಡಕು ಎಂಜಿನ್ನಿನದು. ನೂಕುಬಲ ಎಂದರೆ ಎಂಜಿನ್ನು ಪ್ರತಿ ಸೆಕೆಂಡಿಗೆ ಗಾಳಿಗೆ ಕೊಡುವ ಸಂವೇಗ. ಅದಕ್ಕೆ ಖರ್ಚಾಗುವ ಶಕ್ತಿಯಾದರೋ ವೇಗದ ವರ್ಗವನ್ನು ಅವಲಂಬಿಸಿದೆ. ಆದ್ದರಿಂದ ಸ್ವಲ್ಪ ಗಾಳಿಯನ್ನು ಬಹಳ ಜೋರಾಗಿ ಹಿಂದಕ್ಕೆ ತಳ್ಳುವುದಕ್ಕಿಂತ ಬಹಳ ಗಾಳಿಯನ್ನು ಮಿತವಾದ ವೇಗದಲ್ಲಿ ತಳ್ಳುವುದು ಮಿತವ್ಯಯ. ದೊಡ್ಡ ಬೀಸಣಿಗೆಯ ಟರ್ಬೊಫ್ಯಾನ್ ಎಂಜಿನ್ನಿನ ಗುಟ್ಟು ಇಷ್ಟೆ. ಝಪೊರೀಝಿಯಾದ ಪ್ರೋಗ್ರೆಸ್ ಸಂಸ್ಥೆ ರೂಪಿಸಿದ ಡಿ-18ಟಿ ಎಂಜಿನ್ನಿನಲ್ಲಿ ದಹನಕೋಶದ ಮೂಲಕ ಹೋಗುವ ಪ್ರತಿ 1 ಕಿಗ್ರಾಂ ಗಾಳಿಗೆ, ಅದನ್ನು ಸುತ್ತುವರಿದು ಹೊರಗಿನಿಂದಲೇ ಹಾದುಹೋಗುವ ಗಾಳಿ ಐದೂವರೆ ಕಿಗ್ರಾಂಗೂ ಹೆಚ್ಚು. ಒಂದೊಂದು ಎಂಜಿನ್ನಿನ ನೂಕುಬಲ ಸುಮಾರು 230 ಕಿಲೋನ್ಯೂಟನ್. ಅಂಥವು ನಾಲ್ಕು.

ವಿಕ್ಟರ್ ಟೋಲ್ಮಚೋವ್ ಮುಖ್ಯ ವಿನ್ಯಾಸಕಾರರಾಗಿದ್ದ ಈ ವಿಮಾನ ಕೀವ್ ನಗರದಲ್ಲಿ 1982ರ ಡಿಸೆಂಬರ್ 24ರಂದು ಮೊದಲ ಬಾರಿ ಹಾರಿತು. ಸಂಸ್ಥೆಯ ಸ್ಥಾಪಕ ಒಲೆಗ್ ಆಂಟೊನೊವ್ 1984ರಲ್ಲಿ ತೀರಿಕೊಂಡರು. ಮರುವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಜಗತ್ತು ಅದನ್ನು ಕಂಡಿತು. 1985ರ ಜುಲೈ 26ರಂದು ಅದು 171 ಟನ್ನಿಗೂ ಮಿಕ್ಕ ಭಾರವನ್ನು 10,750 ಮೀ. ಎತ್ತರಕ್ಕೆ ಒಯ್ದಿತು. ತರಗತಿಯಲ್ಲಿ ಲೆಕ್ಕ ಮಾಡಿಸಲು ಇದು ಒಳ್ಳೆಯ ಉದಾಹರಣೆ: ಹೊರೆಯೊಂದಕ್ಕೇ ದೊರೆತ ಸ್ಥಾನಶಕ್ತಿ ಸುಮಾರು 1800 ಕೋಟಿ ಜೂಲ್, ಅಂದರೆ ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 5000 ಯೂನಿಟ್. ವಿಮಾನದ ಸ್ವಂತ ತೂಕ, ಗಾಳಿಯ ತಡೆ ಇದರಲ್ಲಿ ಸೇರಿಲ್ಲ.

ಟ್ಯಾಂಕು, ಕ್ಷಿಪಣಿ ಸಾಗಿಸಲೆಂದು ಕಟ್ಟಿದ ವಿಮಾನ ಸೋವಿಯೆತ್ ಒಕ್ಕೂಟ ಒಡೆದ ಮೇಲೆ ಬಾಡಿಗೆ ಲಾರಿಯಾಯಿತು. ಇದು ಹಗುರವಾದ ಮಾತಲ್ಲ; ಮೂತಿಯನ್ನು ಮೇಲಕ್ಕೆತ್ತಿ, ಆನೆಯ ಹಾಗೆ ಮುಂದಿನ ಕಾಲು ಮಡಿಸಿ ಬಗ್ಗಿ, ಹಿಂದೆ ಮುಂದೆ ಎರಡೂ ಕಡೆಯಿಂದ ಸರಕು ತುಂಬಿಸಿಕೊಳ್ಳುವ, ತನ್ನೊಳಗೇ ಕ್ರೇನು ಇಟ್ಟುಕೊಂಡ ಲಾರಿ ಬೇರೆ ಯಾವುದಿತ್ತು? 1994ರಲ್ಲಿ ಇದೇ ಕೆನಡಾದ ಲಂಡನ್ ಎಂಬ ಊರಿನಿಂದ ಐರ್ಲೆಂಡಿನ ಡಬ್ಲಿನ್‌ಗೆ ನೂರು ಟನ್ನಿಗೂ ಮೀರಿದ ಒಂದು ರೈಲ್ವೆ ಎಂಜಿನ್ನನ್ನು ಅದು ಹೊತ್ತೊಯ್ದಿತು. 2005ರಲ್ಲಿ ಇಟಲಿಯಿಂದ ಇಥಿಯೋಪಿಯಾಕ್ಕೆ ಅಕ್ಸುಮ್‌ನ ಪ್ರಾಚೀನ ಶಿಲಾಸ್ತಂಭವನ್ನು ಮೂರು ತುಂಡುಗಳಲ್ಲಿ ಮರಳಿಸಿತು. 2001ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಅಮೆರಿಕದ ಬೇಹುಗಾರಿಕೆ ವಿಮಾನವನ್ನು ಬಿಚ್ಚಿ ಕಟ್ಟಿ ತಂದದ್ದೂ ಒಂದು ರುಸ್ಲಾನೇ. ನಿಂತುಹೋದ ವಿಮಾನವನ್ನು ಬಿಡಿಸಿ ತಂದ ಜಾತಿಯ ವಿಮಾನವೇ ಮುಂದೆ ಹೀಗೆ ನಿಲ್ಲಬೇಕಾಯಿತು. ನಮಗೂ ಅದು ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಸಿದ್ಧವಾದ ಇಸ್ರೋದ ಕೆಲವು ಸಂಪರ್ಕ ಉಪಗ್ರಹಗಳು ಫ್ರೆಂಚ್ ಗಯಾನಾದ ಕೌರೂ ಉಡಾವಣಾ ಕೇಂದ್ರಕ್ಕೆ ಹೋದದ್ದು ಇದರಲ್ಲಿ. 2021ರ ಮೇ ತಿಂಗಳಲ್ಲಿ ಉತ್ತರ ಐರ್ಲೆಂಡಿನಿಂದ ದೆಹಲಿಗೆ ಆಮ್ಲಜನಕ ಉತ್ಪಾದಕ ಘಟಕಗಳನ್ನು ತಂದದ್ದೂ ಇದೇ.

ಈ ಬಾಡಿಗೆ ವ್ಯಾಪಾರದಲ್ಲಿ ದೊಡ್ಡವರು ಇಬ್ಬರು: ಕೀವ್‌ನ ಆಂಟೊನೊವ್ ಮತ್ತು ರಷ್ಯದ ಉಲ್ಯನೋವ್ಸ್ಕ್ ನಗರದ ವೋಲ್ಗಾ-ದ್ನೆಪ್ರ್. ವೋಲ್ಗಾ ರಷ್ಯದ ನದಿ. ದ್ನೆಪ್ರ್ ರಷ್ಯದಲ್ಲಿ ಹುಟ್ಟಿ ಕೀವ್ ನಗರದ ಮಧ್ಯೆ ಹರಿಯುವ ನದಿ. 2006ರಿಂದ 2016ರವರೆಗೆ ಇಬ್ಬರೂ ಒಂದೇ ಜಂಟಿ ಸಂಸ್ಥೆಯ ಮೂಲಕ ವ್ಯವಹರಿಸುತ್ತಿದ್ದರು. ಟೊರಾಂಟೊದಲ್ಲಿ ನಿಂತದ್ದು ವೋಲ್ಗಾ-ದ್ನೆಪ್ರ್‌ನ ವಿಮಾನ. ಅದೇ ಸಂಸ್ಥೆಯ ಇನ್ನೂ ಮೂರು ರುಸ್ಲಾನ್‌ಗಳು 2022ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಿಕ್ಕಿಕೊಂಡವು.

ಮೂರು ಹಂತದ ಕಟ್ಟು

ಪತ್ರಿಕೆಗಳು 'ವಶ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ ಈ ಪ್ರಕರಣದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. 2022ರ ಫೆಬ್ರವರಿಯದ್ದು ಹಾರಾಟದ ನಿಷೇಧ ಮಾತ್ರ. ವಿಮಾನ ಒಡೆಯನದ್ದೇ ಆಗಿತ್ತು. ಆ ವರ್ಷದ ಜೂನ್‌ನಲ್ಲಿ ಕೆನಡಾ ತನ್ನ 1992ರ ವಿಶೇಷ ಆರ್ಥಿಕ ಕ್ರಮಗಳ ಕಾಯಿದೆಯನ್ನು ತಿದ್ದಿ, ನಿರ್ಬಂಧಕ್ಕೊಳಗಾದವರ ಸೊತ್ತನ್ನು ಹಿಡಿದಿಟ್ಟು ನ್ಯಾಯಾಲಯದ ಮೂಲಕ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಮಾಡಿಕೊಂಡಿತು. ಅದರಂತೆ 2023ರ ಜೂನ್‌ನಲ್ಲಿ ವಿಮಾನವನ್ನು ಹಿಡಿದಿಡುವ ಆಜ್ಞೆ ಹೊರಟಿತು. ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ಅದನ್ನು ಪ್ರಕಟಿಸಿದ್ದು ಕೀವ್‌ನಲ್ಲಿ. ಮೂರನೆಯದು ಒಡೆತನವನ್ನೇ ಕಳೆಯುವ ಕ್ರಮ: 2025ರ ಮಾರ್ಚ್‌ನಲ್ಲಿ ಒಂಟಾರಿಯೊದ ಉಚ್ಚ ನ್ಯಾಯಾಲಯಕ್ಕೆ ಸರ್ಕಾರ ಮುಟ್ಟುಗೋಲಿನ ಅರ್ಜಿ ಹಾಕಿತು. ಕಂಪನಿಯಾದರೋ 2023ರಲ್ಲೇ, 1989ರ ಹೂಡಿಕೆ ರಕ್ಷಣೆಯ ಒಪ್ಪಂದವನ್ನು ಮುಂದಿಟ್ಟು ಕೆನಡಾಕ್ಕೆ ವ್ಯಾಜ್ಯದ ನೋಟೀಸು ಕೊಟ್ಟಿತ್ತು. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಸೋವಿಯೆತ್ ಒಕ್ಕೂಟ.

ಕೆನಡಾದಲ್ಲಿ ಕಟ್ಟುಬಿದ್ದ ಮೊದಲ ರುಸ್ಲಾನ್ ಇದಲ್ಲ ಎಂಬುದನ್ನು ಗಮನಿಸಬೇಕು. 2003ರಲ್ಲಿ ಗೂಸ್ ಬೇ ಎಂಬಲ್ಲಿ ಉಕ್ರೇನಿನ ಒಂದು ವಿಮಾನವನ್ನು, ಸೈಪ್ರಸ್‌ನ ಕಂಪನಿಯೊಂದು ತನಗೆ ಬರಬೇಕಾದ ಮಧ್ಯಸ್ಥಿಕೆ ಪರಿಹಾರಕ್ಕಾಗಿ ಹಿಡಿಸಿತ್ತು. ಜಗಳ ಒಂದು ತೈಲ ಸಂಸ್ಕರಣಾಗಾರದ್ದು, ಸಿಕ್ಕಿಬಿದ್ದದ್ದು ವಿಮಾನ. ಸಾಲ ಉಕ್ರೇನಿನ ಸರ್ಕಾರಿ ಆಸ್ತಿ ನಿಧಿಯದ್ದೋ, ಇಡೀ ದೇಶದ್ದೋ ಎಂಬ ಪ್ರಶ್ನೆ ಮೇಲ್ಮನವಿಯವರೆಗೆ ಹೋಗಿ 2005ರಲ್ಲಿ ಉಕ್ರೇನಿನ ಪರವಾಗಿ ತೀರ್ಪಾಯಿತು.

ನಿಂತ ವಿಮಾನದ ಭೌತವಿಜ್ಞಾನ

ಪಿಯರ್ಸನ್‌ನಲ್ಲಿ ನಿಲುಗಡೆಯ ಬಾಡಿಗೆ ನಿಮಿಷಕ್ಕೆ 74 ಸೆಂಟ್ ಎಂದು 2022ರಲ್ಲಿ ವರದಿಯಾಗಿತ್ತು. ದಿನಕ್ಕೆ 1065 ಡಾಲರಿಗೂ ಹೆಚ್ಚು, ವರ್ಷಕ್ಕೆ 3 ಲಕ್ಷ 89 ಸಾವಿರದ ಹತ್ತಿರ. ಎಲ್ಲರ ಕಣ್ಣೂ ಈ ಲೆಕ್ಕದ ಮೇಲೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ವಿಮಾನದ ಮೈಮೇಲೆ ಕೂಡುತ್ತಿರುವ ಸಾಲ.

ಹಾರುವ ವಿಮಾನ ಲೋಹದ ದಣಿವಿನಿಂದ ಸವೆಯುತ್ತದೆ. ಪ್ರತಿ ಹಾರಾಟದಲ್ಲೂ ಬಾಗುವ ರೆಕ್ಕೆಯಲ್ಲಿ ಸೂಕ್ಷ್ಮ ಬಿರುಕುಗಳು ಬೆಳೆಯುತ್ತವೆ. ನಿಂತ ವಿಮಾನಕ್ಕೆ ದಣಿವಿಲ್ಲ, ಆದರೆ ಕಾಲವಿದೆ. ಬರಿಯ ವಿಮಾನದ ತೂಕವೇ 175 ಟನ್ನಿನ ಆಸುಪಾಸು, ಚಕ್ರಗಳು 24. ಒಂದರ ಪಾಲಿಗೆ ಸರಾಸರಿ 7 ಟನ್ನಿಗೂ ಮಿಗಿಲು. ಟಯರಿನ ಒತ್ತಡ 10 ವಾಯುಮಂಡಲ ಎಂದಿಟ್ಟುಕೊಂಡರೆ ನೆಲ ಮುಟ್ಟುವ ಭಾಗ ನೋಟುಪುಸ್ತಕದ ಒಂದು ಹಾಳೆಯಷ್ಟು. ತಿಂಗಳುಗಟ್ಟಲೆ ಅದೇ ಜಾಗ ಒತ್ತಿದರೆ ರಬ್ಬರು ಚಪ್ಪಟೆಯಾಗಿ ಹಾಗೆಯೇ ಉಳಿಯುತ್ತದೆ. ಸಾಲದ್ದಕ್ಕೆ ಬೇಸಿಗೆಯ 30 ಡಿಗ್ರಿಯಿಂದ ಚಳಿಗಾಲದ ಮೈನಸ್ 20 ಡಿಗ್ರಿಗೆ ಇಳಿದಾಗ ಟಯರಿನೊಳಗಿನ ಅನಿಲದ ಒತ್ತಡ ಆರನೆಯ ಒಂದು ಭಾಗ ತಗ್ಗುತ್ತದೆ (ಕೆಲ್ವಿನ್‌ನಲ್ಲಿ 303ರಿಂದ 253ಕ್ಕೆ). ಮೇಲೆ ಹಿಮದ ಭಾರ ಬೇರೆ.

ಇಂಧನ ತೊಟ್ಟಿಯಲ್ಲಿ ಹಗಲು ರಾತ್ರಿಯ ಉಷ್ಣತೆಯ ಏರಿಳಿತಕ್ಕೆ ತೇವ ಸಾಂದ್ರಿಸಿ ನೀರು ತಳದಲ್ಲಿ ನಿಲ್ಲುತ್ತದೆ. ನೀರು ಮತ್ತು ಇಂಧನ ಸೇರುವ ಪದರದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಅದರ ಆಮ್ಲ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಎಣ್ಣೆಯ ಸಂಪರ್ಕ ತಪ್ಪಿದ ರಬ್ಬರ್ ಬಿರಡೆಗಳು ಒಣಗಿ ಬಿರಿಯುತ್ತವೆ. ಆದ್ದರಿಂದಲೇ ದೀರ್ಘಕಾಲ ನಿಲ್ಲಿಸುವ ವಿಮಾನವನ್ನು ಕ್ರಮಬದ್ಧವಾಗಿ 'ನಿದ್ದೆ ಮಾಡಿಸುತ್ತಾರೆ': ಎಂಜಿನ್ನಿನ ಬಾಯಿ ಮುಚ್ಚಿ, ಸಂರಕ್ಷಕ ಎಣ್ಣೆ ಹಾಕಿ, ಆಗಾಗ ಚಕ್ರ ಉರುಳಿಸಿ. ಸರಕು ಇಳಿಸಿ ಹೊರಡಲು ಬಂದ ವಿಮಾನಕ್ಕೆ ಅಂಥ ಸಿದ್ಧತೆ ಆಗಿರುವುದಿಲ್ಲ. ನಾಗಪುರದಲ್ಲಿ 1991ರಲ್ಲಿ ಇಳಿದು ಅಲ್ಲೇ ಉಳಿದ ಬೋಯಿಂಗ್ 720 ವಿಮಾನವನ್ನು 2015ರಲ್ಲಿ ಬದಿಗೆ ಸರಿಸಿದಾಗ ಅದು ವಿಮಾನದ ಆಕಾರದ ಲೋಹ ಮಾತ್ರವಾಗಿತ್ತು.

ರುಸ್ಲಾನ್‌ಗಳ ತಯಾರಿಕೆ 2004ರಲ್ಲಿ ನಿಂತಿತು. ಒಟ್ಟು ಕಟ್ಟಿದ್ದು ಸುಮಾರು 55. ಇದರದ್ದೇ ವಿಸ್ತರಿಸಿದ ರೂಪವಾದ ಏಕೈಕ ಆಂಟೊನೊವ್-225 ವಿಮಾನ 2022ರಲ್ಲಿ ಯುದ್ಧದ ಮೊದಲ ದಿನಗಳಲ್ಲೇ ಹೊಸ್ತೊಮೆಲ್‌ನಲ್ಲಿ ಸುಟ್ಟುಹೋಯಿತು. ವಿನ್ಯಾಸದ ಹಕ್ಕು ಕೀವ್‌ನಲ್ಲಿದೆ, ಎಂಜಿನ್ನಿನ ತವರು ಝಪೊರೀಝಿಯಾ. ನ್ಯಾಯಾಲಯ ಯಾರ ಪರವಾಗಿ ತೀರ್ಪು ಕೊಟ್ಟರೂ ವಿಮಾನ ಹಾರಬೇಕಾದರೆ ಅದರ ನಾಲ್ಕು ಎಂಜಿನ್ನುಗಳನ್ನೂ ಒಳಗಿನಿಂದ ಪರೀಕ್ಷಿಸಬೇಕು, ತೊಟ್ಟಿಗಳನ್ನು ಬರಿದು ಮಾಡಿ ತೊಳೆಯಬೇಕು, ಆ 24 ಚಕ್ರಗಳ ಟಯರುಗಳನ್ನು ಬದಲಿಸಬೇಕಾಗಬಹುದು. ಅದನ್ನು ಮಾಡಬಲ್ಲ ಪರಿಣತರು ಹೆಚ್ಚಾಗಿ ಇರುವುದು ಯುದ್ಧದ ಎರಡು ಬದಿಗಳಲ್ಲಿ.