ಕಡಲಾಚೆಯ ಕುದುರೆಯೂ ಕೊಂಕಣದ ಮಳೆಯೂ

ಪಾಠಶಾಲೆಯಲ್ಲಿ ಅಮರಕೋಶದ ದ್ವಿತೀಯ ಕಾಂಡವನ್ನು ಕಂಠಸ್ಥ ಮಾಡುತ್ತಿದ್ದ ದಿನಗಳಲ್ಲಿ, ಕ್ಷತ್ರಿಯವರ್ಗಕ್ಕೆ ಬಂದಾಗ ನಮಗೊಂದು ವಿಚಿತ್ರವು ತೋರುತ್ತಿತ್ತು. ಕುದುರೆಗೆ ಪರ್ಯಾಯಪದಗಳೇನೋ ಹತ್ತಕ್ಕೆ ಮೇಲ್ಪಟ್ಟು ಇದ್ದುವು. ಆದರೆ ಉತ್ತಮಾಶ್ವಗಳ ಜಾತಿಯನ್ನು ಹೇಳುವಲ್ಲಿ ಕೋಶಕಾರನು ವನಾಯು, ಪಾರಸೀಕ, ಕಾಂಬೋಜ, ಬಾಹ್ಲಿಕಗಳೆಂಬ ದೂರದೇಶಗಳನ್ನೇ ಹೆಸರಿಸುವನು. ವನಾಯುವೆಂದರೆ ಅರಬರ ನಾಡೆಂದು ಹಲವರು ವಿದ್ವಾಂಸರ ಮತ. ಕಾಳಿದಾಸನೂ ರಘುವಂಶದ ಐದನೆಯ ಸರ್ಗದಲ್ಲಿ ವನಾಯುದೇಶದ ಕುದುರೆಗಳನ್ನೇ ಸ್ಮರಿಸಿರುವನು. “ನಮ್ಮ ಸೀಮೆಯ ಕುದುರೆಗೆ ಹೆಸರಿಲ್ಲವೆ, ಗುರುಗಳೆ?” ಎಂದು ಸಹಪಾಠಿಯೊಬ್ಬನು ಕೇಳಿದನು. “ಹೆಸರಿಡುವುದಕ್ಕೆ ಮೊದಲು ಕುದುರೆ ಬೇಕಲ್ಲವೇನಯ್ಯ?” ಎಂದು ಗುರುಗಳು ನಕ್ಕು ಮುಂದಿನ ಶ್ಲೋಕಕ್ಕೆ ಹೋದರು.

ಆ ನಗುವಿನಲ್ಲಿದ್ದ ಇತಿಹಾಸವು ನನಗೆ ತಿಳಿದುಬಂದುದು ಬಹುಕಾಲದ ಮೇಲೆ. ನಮ್ಮ ದಕ್ಷಿಣಾಪಥದ ಅರಸರು ಶತಮಾನಗಳ ಪರ್ಯಂತ ಯುದ್ಧಾಶ್ವಗಳಿಗಾಗಿ ಕಡಲಿನ ಕಡೆಗೆ ಮುಖಮಾಡಿ ಕುಳಿತಿದ್ದರು. ಅರಬಸ್ಥಾನ, ಪಾರಸಗಳ ಒಣನೆಲದಲ್ಲಿ ಹುಟ್ಟಿದ ಪ್ರಾಣಿಯು, ವರ್ಷಕ್ಕೆ ನಾಲ್ಕು ತಿಂಗಳು ನೀರು ಸುರಿಯುವ ಪಶ್ಚಿಮ ಕರಾವಳಿಯಲ್ಲಿ ಇಳಿದು, ಘಟ್ಟವನ್ನು ಹತ್ತಿ, ಒಳನಾಡಿನ ಲಾಯವನ್ನು ಸೇರಬೇಕಾಗಿತ್ತು. ಕೊಂಡವರ ಕೀರ್ತಿಯನ್ನು ಶಾಸನಗಳು ಹೇಳುತ್ತವೆ. ತಂದವರ ಕಷ್ಟವನ್ನು ಹೇಳುವ ಬರಹಗಳು ವಿರಳ. ಅಂಥ ವಿರಳವಾದ ಬರಹಗಳಲ್ಲಿ ಒಂದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ರಷ್ಯಾ ದೇಶದಲ್ಲಿ ವೋಲ್ಗಾ ನದಿಯ ದಡದ ತ್ವೇರ್ ಎಂಬ ಪಟ್ಟಣದವನು ಅಫಾನಾಸಿ ನಿಕಿತಿನ್. ವೃತ್ತಿಯಿಂದ ವರ್ತಕನು. ನದಿಯ ಮಾರ್ಗವಾಗಿ ದಕ್ಷಿಣಕ್ಕೆ ವ್ಯಾಪಾರಕ್ಕೆಂದು ಹೊರಟಿದ್ದಾಗ ಅಸ್ತ್ರಾಖಾನಿನ ಸಮೀಪದಲ್ಲಿ ತಾತಾರರು ಅವನ ಸರಕನ್ನು ಸುಲಿದುಕೊಂಡರು. ಸಂಗಡಿಗರಲ್ಲಿ ಊರಿನಲ್ಲಿ ಆಸ್ತಿಯುಳ್ಳವರು ಊರಿಗೆ ಹಿಂದಿರುಗಿದರೆಂದೂ, ಸಾಲವುಳ್ಳವರು ಕಾಲು ಕರೆದೊಯ್ದ ಕಡೆಗೆ ನಡೆದರೆಂದೂ ಅವನೇ ಬರೆದಿರುವನು. ನಿಕಿತಿನನು ಹಿಂದಿರುಗಲಿಲ್ಲ. ದೆರ್ಬೆಂತ್, ಬಾಕುಗಳನ್ನು ಹಾದು, ಪಾರಸ ದೇಶವನ್ನು ದಾಟಿ, ಹೊರ್ಮುಜ್ ದ್ವೀಪವನ್ನು ಮುಟ್ಟಿದನು. ಹಿಂದೂದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲವೆಂಬುದನ್ನು ಅವನು ತನ್ನ ಬರಹದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅಲ್ಲಿ ಹುಟ್ಟುವುವು ಎತ್ತು, ಎಮ್ಮೆಗಳು. ಹೇರು, ಸವಾರಿಗಳೆಲ್ಲ ಅವುಗಳಿಂದಲೇ ಎಂಬುದು ಅವನ ಅಭಿಪ್ರಾಯ. ಇಲ್ಲದಿರುವ ಕಡೆಗೆ ಒಯ್ದರೆ ಬೆಲೆ ಬಂದೀತೆಂಬುದು ವರ್ತಕನ ಸಹಜವಾದ ಎಣಿಕೆ. ಅವನು ಗಂಡುಗುದುರೆಯೊಂದನ್ನು ತನ್ನ ಬಂಡವಾಳವಾಗಿ ಮಾಡಿಕೊಂಡು ಹಡಗನ್ನು ಹತ್ತಿದನು. ಜುನ್ನರವನ್ನು ಮುಟ್ಟುವ ವೇಳೆಗೆ ಅದಕ್ಕೆ ತಗುಲಿದ ವೆಚ್ಚವು ನೂರು ರೂಬಲ್‌ಗಳೆಂದು ಲೆಕ್ಕವನ್ನು ಬರೆದಿಟ್ಟಿರುವನು.

ಆ ಹಡಗುಗಳು ಎಂಥವು? ಇವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಹೊರ್ಮುಜನ್ನು ಕಂಡ ಮಾರ್ಕೊ ಪೋಲೋ, ಅಲ್ಲಿಯ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಸರಕನ್ನು ತುಂಬಿ ಅದರ ಮೇಲೆ ಚರ್ಮಗಳನ್ನು ಹೊದಿಸಿ, ಆ ಚರ್ಮಗಳ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರೆಂದೂ ವರ್ಣಿಸಿರುವನು. ಹೀಗೆ ನಿಂತುಕೊಂಡೇ ಕಡಲನ್ನು ದಾಟಬೇಕಾದ ಕುದುರೆಗಳಲ್ಲಿ ಎಷ್ಟೋ ನಡುವೆಯೇ ಸಾಯುತ್ತಿದ್ದುವು. ವಿಜಯನಗರದ ಸಾಳುವ ನರಸಿಂಹನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆಯನ್ನು ಕೊಡುತ್ತಿದ್ದನೆಂದೂ, ಕಡಲಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತೆಂದೂ ಪೋರ್ತುಗೀಸ ವರ್ತಕ ನೂನಿಜನು ಬರೆದಿದ್ದಾನೆ. ಇದನ್ನು ಅರಸನ ಔದಾರ್ಯವೆಂದು ಕೆಲವರು ಹೊಗಳುವರು. ನನಗೆ ತೋರುವುದೇನೆಂದರೆ, ಇದು ಔದಾರ್ಯಕ್ಕಿಂತ ಹೆಚ್ಚಾಗಿ ಅಗತ್ಯ. ನಷ್ಟದ ಭಯದಿಂದ ವರ್ತಕನು ಬೇರೊಂದು ರೇವಿಗೆ ತಿರುಗಿಕೊಂಡರೆ ಕುದುರೆಯು ವೈರಿಯ ಪಾಲಾಗುವುದಷ್ಟೆ.

ನಿಕಿತಿನನು ಹೊರ್ಮುಜನ್ನು ಬಿಟ್ಟುದು ಕ್ರೈಸ್ತರ ಈಸ್ಟರ್ ಹಬ್ಬದ ಮುಂದಿನ ವಾರದಲ್ಲಿ. ಮಸ್ಕತ್, ಗುಜರಾತು, ಖಂಬಾಯತಗಳ ಮೇಲೆ ಆರು ವಾರಗಳ ಸಮುದ್ರಯಾನವನ್ನು ಮಾಡಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ತ್ರಿತ್ವದ ಹಬ್ಬದ ದಿನದಿಂದ ಈ ದೇಶದಲ್ಲಿ ‘ಚಳಿಗಾಲ’ವು ಆರಂಭವಾಯಿತೆಂದು ಅವನು ಬರೆಯುವನು. ಹಿಮದ ನಾಡಿನವನಿಗೆ ಮನೆಯೊಳಗೆ ಕೂಡಿಸುವ ಕಾಲವೆಲ್ಲ ಚಳಿಗಾಲವೇ. ಅವನು ಹೇಳುತ್ತಿರುವುದು ನಮ್ಮ ಮುಂಗಾರನ್ನು.

ಇಲ್ಲಿ ಕಾಲನಿರ್ಣಯದ ಚರ್ಚೆಯೊಂದು ಬರುವುದು. ಅವನು ಚೌಲಿಗೆ ಬಂದ ವರ್ಷವು ಕ್ರಿ. ಶ. 1469 ಎಂದು ಹಿಂದಿನವರೂ, 1471 ಎಂದು ಈಚಿನ ಸಂಶೋಧಕರೂ ಎಣಿಸುವರು. 1469ರಲ್ಲಿ ತ್ರಿತ್ವದ ಹಬ್ಬವು ಹಳೆಯ ಪಂಚಾಂಗದಂತೆ ಮೇ 21ರಂದು ಬಂದಿತು. 1471ರಲ್ಲಿ ಜೂನ್ 2ರಂದು. ಆ ಶತಮಾನದಲ್ಲಿ ಹಳೆಯ ಪಂಚಾಂಗಕ್ಕೂ ಇಂದಿನದಕ್ಕೂ ಒಂಬತ್ತು ದಿನಗಳ ಅಂತರವಿದ್ದುದರಿಂದ, ಇವು ಇಂದಿನ ಲೆಕ್ಕದಲ್ಲಿ ಮೇ 30 ಮತ್ತು ಜೂನ್ 11 ಆಗುವುವು. ಕೊಂಕಣದ ಆ ಭಾಗದಲ್ಲಿ ಮುಂಗಾರು ಇಳಿಯುವುದು ವಾಡಿಕೆಯಾಗಿ ಜೂನ್ ತಿಂಗಳ ಎರಡನೆಯ ವಾರದ ಸುಮಾರಿಗೆ. ಮಳೆಯ ಸಾಕ್ಷ್ಯವು 1471ರ ಪಕ್ಷಕ್ಕೆ ಹೆಚ್ಚು ಅನುಕೂಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಒಂದು ವರ್ಷದ ಮುಂಗಾರು ಹಿಂದುಮುಂದಾಗುವುದು ಸಾಮಾನ್ಯವಾದುದರಿಂದ, ಇದನ್ನೇ ನಿರ್ಣಾಯಕವೆಂದು ಹಟ ಹಿಡಿಯತಕ್ಕುದಲ್ಲ.

ವರ್ಷವು ಯಾವುದೇ ಆಗಲಿ, ಒಂದು ಮಾತು ನಿಶ್ಚಯ. ಆರು ವಾರ ಹಡಗಿನಲ್ಲಿ ನಿಂತು ಕಾಲು ಮರಗಟ್ಟಿದ್ದ ಕುದುರೆಯು ನೆಲಕ್ಕಿಳಿದುದೂ ಮೊದಲ ಮಳೆಯು ಬಿದ್ದುದೂ ಹೆಚ್ಚುಕಡಮೆ ಏಕಕಾಲದಲ್ಲಿ. ಚೌಲಿನಿಂದ ಘಟ್ಟದ ಅಡಿಯ ಪಾಲಿಗೆ ಎಂಟು ದಿನ, ಅಲ್ಲಿಂದ ಅವನು ಉಮ್ರಿ ಎಂದು ಕರೆಯುವ ಊರಿಗೆ ಹತ್ತು ದಿನ, ಬಳಿಕ ಜುನ್ನರಕ್ಕೆ ಸುಮಾರು ಒಂದು ವಾರ. ಚೌಲಿಗೂ ಜುನ್ನರಕ್ಕೂ ನೇರವಾಗಿ ಅಳೆದರೆ 75 ಮೈಲಿಗಳಿಗಿಂತ ಬಹಳ ಹೆಚ್ಚಿಲ್ಲ. ಇಷ್ಟನ್ನು ನಡೆಯಲು ಮೂರುವರೆ ವಾರಗಳು ಹಿಡಿದುವೆಂದರೆ, ದಾರಿಯ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ನಾಲ್ಕು ತಿಂಗಳು ಹಗಲಿರುಳೂ ಎಲ್ಲೆಲ್ಲಿಯೂ ನೀರು ಮತ್ತು ಕೆಸರು ಎಂಬುದು ಅವನ ವರದಿ.

ಕುದುರೆಗೆ ಮಳೆಯು ಏಕೆ ಶತ್ರು? ಸದಾ ತೇವದಲ್ಲಿ ನಿಂತರೆ ಗೊರಸು ಮೆತ್ತಗಾಗಿ ಒಳಗೆ ಕೊಳೆಯುವುದು. ಸೆಕೆಯೂ ತೇವವೂ ಕೂಡಿದ ಹವೆಯಲ್ಲಿ ಕೆಲವು ಕುದುರೆಗಳಿಗೆ ಬೆವರುವ ಶಕ್ತಿಯೇ ನಿಂತುಹೋಗಿ, ಒಳಗಿನ ತಾಪವು ಹೊರಬೀಳದೆ ಏದುಸಿರು ಬಿಡುವುವು. ಮಳೆಗಾಲದ ದೊಡ್ಡ ನೊಣಗಳು ಹರಡುವ ‘ಸುರ್ರಾ’ ಎಂಬ ರೋಗದಲ್ಲಿ ಜ್ವರವು ಮರುಕಳಿಸಿ, ಮೈಯೊಣಗಿ, ಪ್ರಾಣಿಯು ಸಾಯುವುದು. ಅದರ ಸೂಕ್ಷ್ಮಜಂತುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ಪಂಜಾಬಿನಲ್ಲಿ ಕಂಡುಹಿಡಿದನು. ಅಲ್ಲಿಯವರೆಗೆ ಸತ್ತ ಕುದುರೆಗಳಿಗೆಲ್ಲ ಹವೆಯೂ ದೈವವೂ ಕಾರಣವಾಗಿದ್ದುವು.

ಇನ್ನು ಆಹಾರ. ತಮಿಳು ಕರಾವಳಿಯ ಮಾಬಾರ್ ಸೀಮೆಯಲ್ಲಿ ಕುದುರೆಗಳಿಗೆ ಅನ್ನದೊಡನೆ ಮಾಂಸವನ್ನು ಬೇಯಿಸಿ ಹಾಕುತ್ತಿದ್ದರೆಂದೂ, ಶುಶ್ರೂಷೆ ಬಲ್ಲವರಿಲ್ಲದೆ ಅವು ಸಾಯುತ್ತಿದ್ದುವೆಂದೂ, ವ್ಯಾಪಾರವು ನಿಲ್ಲದಿರಲೆಂದು ವರ್ತಕರೇ ಅಶ್ವವೈದ್ಯರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಮಾರ್ಕೊ ಪೋಲೋ ದೂರುವನು. ಪರದೇಶಿಯೊಬ್ಬನ ಮಾತನ್ನು ಹಿಡಿದು ಇಡೀ ದಕ್ಷಿಣದೇಶವನ್ನು ಅಜ್ಞಾನಿಯೆಂದು ಹಳಿಯುವುದು ಅನ್ಯಾಯ. ಶಾಲಿಹೋತ್ರನ ಪರಂಪರೆಯ ಅಶ್ವಶಾಸ್ತ್ರವು ನಮ್ಮಲ್ಲಿ ಪ್ರಾಚೀನವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅಶ್ವವಿಷಯವನ್ನು ವಿಸ್ತರಿಸಿರುವನು. ಆದರೆ ಗ್ರಂಥದಲ್ಲಿರುವ ವಿದ್ಯೆಯು ಲಾಯದ ಬಾಗಿಲನ್ನು ತಲುಪಿತ್ತೇ ಎಂಬುದು ಬೇರೆಯ ಪ್ರಶ್ನೆ. ನಾಲ್ಕು ದಶಕಗಳು ಪಾಠ ಹೇಳಿದ ನನಗೆ ಈ ಪ್ರಶ್ನೆಯು ಕುದುರೆಗೆ ಮಾತ್ರ ಸಂಬಂಧಿಸಿದುದೆಂದು ತೋರುವುದಿಲ್ಲ.

ನಿಕಿತಿನನು ಕಂಡ ಮೇವಿನ ಕ್ರಮವು ಮಾಬಾರಿನದಕ್ಕಿಂತ ಉತ್ತಮವಾಗಿತ್ತು. ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆಗಳೊಡನೆ ಬೇಯಿಸಿದ ಖಿಚಡಿಯನ್ನೂ ಕೊಡುತ್ತಿದ್ದರೆಂದು ಅವನು ಹೇಳುವನು. ಬಾರ್ಲಿಯನ್ನು ತಿಂದು ಬೆಳೆದ ಪ್ರಾಣಿಗೆ ನಮ್ಮ ಕಾಳುಗಳನ್ನು ಒಗ್ಗಿಸುವ ಉಪಾಯವಿದು. ನಮ್ಮ ಹುರುಳಿಗೆ ಆಂಗ್ಲರು ‘ಕುದುರೆಯ ಕಾಳು’ ಎಂಬರ್ಥದ ಹೆಸರನ್ನು ಇಟ್ಟುದೂ ಇಂಥ ರೂಢಿಯನ್ನು ಕಂಡೇ ಇರಬೇಕು.

ಜುನ್ನರದ ಅಧಿಪತಿಯಾದ ಅಸದ್ ಖಾನನ ಬಳಿ ಆನೆಗಳೂ ಒಳ್ಳೆಯ ಕುದುರೆಗಳೂ ಬಹಳವಿದ್ದರೂ, ಅವನು ಮನುಷ್ಯರ ಹೆಗಲ ಮೇಲೆಯೇ ಸಂಚರಿಸುತ್ತಿದ್ದನೆಂದು ನಿಕಿತಿನನು ಆಶ್ಚರ್ಯಪಟ್ಟಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಮಲೆಯಾಳ ಸೀಮೆಯ ಬಗ್ಗೆ ಹೇಳಿದುದೂ ಇದನ್ನೇ: ಅಲ್ಲಿ ಅರಸನ ಹೊರತು ಯಾರಲ್ಲಿಯೂ ಕುದುರೆಯಿಲ್ಲ, ಸವಾರಿಯೂ ಸರಕೂ ಮನುಷ್ಯರ ಮೇಲೆಯೇ. ಕೆಸರಿನ ಕಡಿದಾದ ದಾರಿಯಲ್ಲಿ ಬೋಯಿಯ ಕಾಲು ನಿಲ್ಲುವಂತೆ ಕುದುರೆಯ ಕಾಲು ನಿಲ್ಲದು. ಕುದುರೆಯು ಅಲ್ಲಿ ವಾಹನವಲ್ಲ, ಪದವಿಯ ಲಕ್ಷಣ. ಭಾರವು ಬಿದ್ದುದು ಬಡವನ ಹೆಗಲಿಗೆ.

ಆ ಖಾನನು ನಿಕಿತಿನನ ಕುದುರೆಯನ್ನು ಕಿತ್ತುಕೊಂಡನು. ಇವನು ಮುಸಲ್ಮಾನನಲ್ಲವೆಂದು ತಿಳಿದ ಮೇಲೆ, ತಮ್ಮ ಮತವನ್ನು ಸೇರಿದರೆ ಕುದುರೆಯನ್ನೂ ಸಾವಿರ ಹೊನ್ನುಗಳನ್ನೂ ಕೊಡುವೆನೆಂದೂ, ಸೇರದಿದ್ದರೆ ಕುದುರೆಯೊಡನೆ ಸಾವಿರ ಹೊನ್ನಿನ ದಂಡವನ್ನೂ ತೆಗೆದುಕೊಳ್ಳುವೆನೆಂದೂ ಹೇಳಿ ನಾಲ್ಕು ದಿನಗಳ ಗಡುವನ್ನು ವಿಧಿಸಿದನು. ಊರು ಬಿಟ್ಟು, ಸರಕು ಕಳೆದುಕೊಂಡು, ಭಾಷೆ ತಿಳಿಯದ ನಾಡಿನಲ್ಲಿ ಮಳೆಗೆ ಸಿಕ್ಕಿಬಿದ್ದವನಿಗೆ ಉಳಿದಿದ್ದ ಎರಡು ವಸ್ತುಗಳೆಂದರೆ ಕುದುರೆ ಮತ್ತು ನಂಬಿಕೆ. ಒಂದನ್ನು ಕೊಟ್ಟು ಮತ್ತೊಂದನ್ನು ಉಳಿಸಿಕೊಳ್ಳಬೇಕೆಂಬ ಇಕ್ಕಟ್ಟು ಒದಗಿತು. ಗಡುವು ತೀರುವ ಹೊತ್ತಿಗೆ ಖೊರಾಸಾನದ ಖೋಜಾ ಮಹಮ್ಮದನೆಂಬ ಅಧಿಕಾರಿಯು ಅಲ್ಲಿಗೆ ಬಂದನು. ನಿಕಿತಿನನ ಮೊರೆಯನ್ನು ಕೇಳಿ, ಖಾನನ ಬಳಿಗೆ ಹೋಗಿ ಅವನನ್ನೂ ಬಿಡಿಸಿದನು, ಕುದುರೆಯನ್ನೂ ತಂದುಕೊಟ್ಟನು. ಪೀಡಿಸಿದವನೂ ಕಾಪಾಡಿದವನೂ ಒಂದೇ ಮತದವರು. ಮತವನ್ನು ನೋಡಿ ಮನುಷ್ಯನ ಗುಣವನ್ನು ನಿರ್ಣಯಿಸುವವರು ಈ ಸಂಗತಿಯನ್ನು ಗಮನಿಸತಕ್ಕುದು.

ಆಗಸ್ಟ್ ತಿಂಗಳ ನಡುವೆ ಜುನ್ನರವನ್ನು ಬಿಟ್ಟು, ಒಂದು ತಿಂಗಳು ನಡೆದು, ಅವನು ನಮ್ಮ ಬೀದರನ್ನು ಸೇರಿದನು. ಅದು ಬಹಮನಿ ಸುಲ್ತಾನರ ರಾಜಧಾನಿ. ಪ್ರಧಾನಿಯಾಗಿದ್ದವನು ಮಹಮೂದ್ ಗವಾನನು. ತಾನೂ ಪಾರಸದ ಗೀಲಾನಿನಿಂದ ವರ್ತಕನಾಗಿ ಬಂದಿದ್ದ ಗವಾನನಿಗೆ ರೇವುಗಳ ಬೆಲೆಯು ಚೆನ್ನಾಗಿ ತಿಳಿದಿತ್ತು. 1472ರಲ್ಲಿ ಅವನು ಗೋವೆಯನ್ನು ವಿಜಯನಗರದಿಂದ ಕಸಿದುಕೊಂಡುದರ ಹಿಂದೆ ಕುದುರೆಯ ವ್ಯಾಪಾರವೂ ಇತ್ತು. 1510ರಲ್ಲಿ ಅದೇ ಗೋವೆಯನ್ನು ಹಿಡಿದ ಪೋರ್ತುಗೀಸರು ಆ ವ್ಯಾಪಾರದಿಂದಲೇ ಹೇರಳವಾದ ಸುಂಕವನ್ನು ಪಡೆದರು. ಮಳೆಯು ಕುದುರೆಯನ್ನು ಕೊಲ್ಲುತ್ತಿತ್ತು. ಅರಸನು ಮತ್ತೆ ಕೊಳ್ಳುತ್ತಿದ್ದನು. ಕೊಳ್ಳುವುದಕ್ಕಾಗಿ ರೇವು ಬೇಕಾಗಿತ್ತು. ರೇವಿಗಾಗಿ ಯುದ್ಧವು ನಡೆಯುತ್ತಿತ್ತು. ಯುದ್ಧಕ್ಕೆ ಮತ್ತೆ ಕುದುರೆ ಬೇಕಾಗಿತ್ತು. ದಕ್ಷಿಣದ ಬೊಕ್ಕಸದ ಹೊನ್ನು ಇಂತು ಕಡಲನ್ನು ದಾಟಿಹೋಯಿತು.

ಬೀದರಿನಿಂದ ದೂರದಲ್ಲಿ ಶೇಖ್ ಅಲಾವುದ್ದೀನನ ಹೆಸರಿನಲ್ಲಿ ನಡೆಯುತ್ತಿದ್ದ ಜಾತ್ರೆಯನ್ನೂ ಅವನು ಬಣ್ಣಿಸಿದ್ದಾನೆ. ಅದು ಇಂದಿನ ಕಲಬುರಗಿ ಜಿಲ್ಲೆಯ ಆಳಂದವೆಂದು ತಿಳಿದವರು ಗುರುತಿಸಿರುವರು. ಹತ್ತು ದಿನಗಳ ಆ ಸಂತೆಯಲ್ಲಿ ಇಪ್ಪತ್ತು ಸಾವಿರ ಕುದುರೆಗಳವರೆಗೆ ಮಾರಾಟಕ್ಕೆ ಬರುತ್ತಿದ್ದುವೆಂದು ಅವನ ಹೇಳಿಕೆ. ತನ್ನ ಕುದುರೆಯನ್ನು ಮಾತ್ರ ಅವನು ಬೀದರಿನಲ್ಲಿಯೇ ಮಾರಿದನು. ಒಂದು ವರ್ಷ ಸಾಕಿದುದಕ್ಕೆ 68 ‘ಫುತೂನ್’ ನಾಣ್ಯಗಳು ವೆಚ್ಚವಾದುವೆಂಬ ಲೆಕ್ಕವಿದೆ. ಲಾಭದ ಸಂಭ್ರಮವು ಬರಹದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಬಳಿಕ ದಾಭೋಲಿನಲ್ಲಿ ಹಡಗನ್ನೇರಿ ಹಿಂದಿರುಗಿದ ಅವನು ತ್ವೇರನ್ನು ಕಾಣಲಿಲ್ಲ. ಸ್ಮೊಲೆನ್ಸ್ಕಿನ ಸಮೀಪದಲ್ಲಿ ದಾರಿಯಲ್ಲಿಯೇ ತೀರಿಕೊಂಡನು.

‘ಮೂರು ಸಮುದ್ರಗಳಾಚೆಯ ಪ್ರಯಾಣ’ವೆಂಬ ಹೆಸರಿನಿಂದ ಅವನ ಬರಹವು ಉಳಿಯಿತು. ತ್ವೇರಿನಲ್ಲಿ 1955ರಲ್ಲಿ ಸ್ಥಾಪಿಸಿದ ಅವನ ಪ್ರತಿಮೆಯ ಪೀಠವು ದೋಣಿಯ ಆಕಾರದಲ್ಲಿದ್ದು, ಆ ದೋಣಿಯ ಮೂತಿಗೆ ಕುದುರೆಯ ತಲೆಯನ್ನು ಕೆತ್ತಿರುವರು. ಹೊರ್ಮುಜಿನಿಂದ ನಿಂತುಕೊಂಡೇ ಬಂದು, ಕೊಂಕಣದ ಮಳೆಯಲ್ಲಿ ತೊಯ್ದು, ಘಟ್ಟವನ್ನು ಹತ್ತಿ, ಬೀದರಿನ ಯಾವುದೋ ಲಾಯದಲ್ಲಿ ಕಣ್ಮರೆಯಾದ ಆ ಮೂಕಪ್ರಾಣಿಗೆ ಹೆಸರೊಂದೂ ಉಳಿಯಲಿಲ್ಲ. ನಮ್ಮ ಗುರುಗಳು ಇದ್ದಿದ್ದರೆ, ಕೋಶದಲ್ಲಿ ಇಲ್ಲದ ಈ ಒಂದು ಕುದುರೆಯ ಕಥೆಯನ್ನು ಅವರಿಗೆ ಹೇಳಬಹುದಾಗಿತ್ತು.